ಬೈಗುಳ ನಿಂತಲ್ಲಿ ಬದಲಾವಣೆ: ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದಲ್ಲೊಂದು ಸುತ್ತು

ಬೆಂಗಳೂರಿನ ವಿಲ್ಸನ್ ಗಾರ್ಡನ್ ದಾಟಿ ಡೇರಿ ವೃತ್ತದ ಕಡೆಗೆ ಹೊರಟರೆ ಹೊಸೂರು ರಸ್ತೆಯ ಆಚೀಚೆ ಆಸ್ಪತ್ರೆಗಳೇ ಆಸ್ಪತ್ರೆಗಳು. ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ, ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ, ಎದೆರೋಗಗಳ ಆಸ್ಪತ್ರೆ, ಇವುಗಳ ನಡುವೆ ರಸ್ತೆಯ ಎರಡೂ ಬದಿಗೆ ಹಬ್ಬಿಕೊಂಡಿರುವ ನಿಮ್ಹಾನ್ಸ್. ಬೆಳಕು ಹರಿಯುವ ಹೊತ್ತಿಗೇ ಇಲ್ಲಿ ಬಸ್ಸಿಳಿಯುವವರ ಕೈಯಲ್ಲಿ ಒಂದು ಫ್ಲಾಸ್ಕು, ಒಂದು ಹೊದಿಕೆ, ಹಳೆಯ ಚೀಟಿಗಳನ್ನೆಲ್ಲ ತುಂಬಿಕೊಂಡ ಪ್ಲಾಸ್ಟಿಕ್ ಕವರು ಇರುತ್ತದೆ. ಕನ್ನಡ, ತೆಲುಗು, ತಮಿಳು, ಉರ್ದು, ಬಂಗಾಳಿ ಎಲ್ಲವೂ ನೋಂದಣಿ ಸಾಲಿನಲ್ಲಿ ಕೇಳುತ್ತವೆ.

ಈ ಸಂಸ್ಥೆಯ ಬೇರು 1847ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಹುಚ್ಚಾಸ್ಪತ್ರೆಯಲ್ಲಿದೆ. 1925ರಲ್ಲಿ ಆ ಹೆಸರು ಹೋಗಿ ಅದು ಮಾನಸಿಕ ಆಸ್ಪತ್ರೆಯಾಯಿತು. 1954ರಲ್ಲಿ ಅದರ ಮಗ್ಗುಲಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. 1974ರ ಡಿಸೆಂಬರ್ 27ರಂದು ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಚಟ ಬಿಡಿಸುವುದಕ್ಕೆಂದೇ ಒಂದು ವಿಭಾಗ ಇಲ್ಲಿ ಶುರುವಾದದ್ದು 1991ರಲ್ಲಿ. ಕಾಗದಪತ್ರಗಳಲ್ಲಿ ಅದರ ಹೆಸರು ಸೆಂಟರ್ ಫಾರ್ ಅಡಿಕ್ಷನ್ ಮೆಡಿಸಿನ್. ಜನರ ಬಾಯಲ್ಲಿ ಅದು ಇಂದಿಗೂ ಡಿ-ಅಡಿಕ್ಷನ್ ವಾರ್ಡೇ.

ಇಲ್ಲಿಗೆ ಬರುವವರು ಎಷ್ಟು ಮಂದಿ ಎನ್ನುವುದಕ್ಕಿಂತ, ಬಾರದೆ ಉಳಿಯುವವರು ಎಷ್ಟು ಮಂದಿ ಎನ್ನುವುದು ಕಂಗೆಡಿಸುವ ಸಂಗತಿ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ. ಅವರಲ್ಲಿ 5.7 ಕೋಟಿ ಜನರಿಗೆ ಅದು ಸಮಸ್ಯೆಯಾಗಿದೆ, ನೆರವು ಬೇಕಾಗಿದೆ. ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಬಗೆಯ ಚಿಕಿತ್ಸೆ ಸಿಕ್ಕಿದೆ. ಉಳಿದವರೆಲ್ಲ ಬೈಗುಳ, ಆಣೆ, ಹರಕೆ, ಜಗಳಗಳಲ್ಲೇ ವರ್ಷಗಳನ್ನು ಕಳೆಯುತ್ತಿದ್ದಾರೆ.

ಬೆಂಚಿನ ಮೇಲೆ ಕೂತವರು

ಹೊರರೋಗಿ ವಿಭಾಗದ ಬೆಂಚುಗಳನ್ನು ನೋಡಿದರೆ ಒಂದು ಸಂಗತಿ ಕೂಡಲೇ ಕಣ್ಣಿಗೆ ಬೀಳುತ್ತದೆ. ಒಬ್ಬಂಟಿಯಾಗಿ ಬಂದವರು ಕಡಿಮೆ. ಪ್ರತಿ ರೋಗಿಯ ಪಕ್ಕದಲ್ಲೂ ಹೆಂಡತಿಯೋ ತಾಯಿಯೋ ಅಣ್ಣನೋ ಇರುತ್ತಾರೆ. ಮಾತಾಡುವವರು ಅವರೇ. ರೋಗಿ ನೆಲ ನೋಡುತ್ತಿರುತ್ತಾನೆ. ನಲವತ್ತರ ಆಸುಪಾಸಿನ ಒಬ್ಬರು ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಆದರೂ ಟೀ ತುಳುಕಿ ಅಂಗಿಯ ಮೇಲೆ ಚೆಲ್ಲಿತು. ಪಕ್ಕದಲ್ಲಿದ್ದ ಹೆಣ್ಣುಮಗಳು ಸೆರಗಿನಿಂದ ಅದನ್ನು ಒರೆಸಿದರು, ಏನೂ ಹೇಳಲಿಲ್ಲ. ಹಿಂದಿನ ರಾತ್ರಿಯ ನಂತರ ಒಂದು ತೊಟ್ಟೂ ಮುಟ್ಟದ ಕೈಗಳ ನಡುಕ ಅದು.

ಒಂದೇ ಬೆಂಚಿನಲ್ಲಿ ಕೂತಿದ್ದರೂ ಅವರ ಮನಸ್ಸುಗಳು ಒಂದೇ ಕಡೆ ಇರುವುದಿಲ್ಲ. "ನನಗೇನೂ ಆಗಿಲ್ಲ, ಇವರ ಕಾಟಕ್ಕೆ ಬಂದೆ" ಎನ್ನುವ ಹುಡುಗನಿದ್ದಾನೆ. "ಬಿಡಬೇಕು ಅಂತ ಇದೆ, ಆದ್ರೆ ಸಂಜೆ ಆಯ್ತು ಅಂದ್ರೆ ಕಾಲು ತಾನೇ ಅಲ್ಲಿಗೆ ಹೋಗುತ್ತೆ" ಎನ್ನುವ ಆಟೋ ಚಾಲಕರಿದ್ದಾರೆ. ರಜೆ ಹಾಕಿ, ಬಟ್ಟೆಬರೆ ತುಂಬಿಕೊಂಡು, ದಾಖಲಾಗಲೆಂದೇ ಬಂದವರಿದ್ದಾರೆ. ಎಂಟು ತಿಂಗಳು ಚೆನ್ನಾಗಿದ್ದು ಊರಹಬ್ಬದಲ್ಲಿ ಮತ್ತೆ ಕುಡಿದು, ತಲೆ ತಗ್ಗಿಸಿಕೊಂಡು ವಾಪಸಾದವರೂ ಇದ್ದಾರೆ.

ಅಮೆರಿಕದ ಮನೋವಿಜ್ಞಾನಿಗಳಾದ ಜೇಮ್ಸ್ ಪ್ರೊಚಾಸ್ಕಾ ಮತ್ತು ಕಾರ್ಲೋ ಡಿಕ್ಲಿಮೆಂಟೆ 1980ರ ದಶಕದ ಆರಂಭದಲ್ಲಿ ಸಿಗರೇಟು ಬಿಡಲು ಹೊರಟವರನ್ನು ಹತ್ತಿರದಿಂದ ನೋಡಿ ಇದನ್ನೇ ಹೇಳಿದರು. ಬದಲಾವಣೆ ಒಂದೇ ಏಟಿಗೆ ಆಗುವುದಿಲ್ಲ, ಹಂತಹಂತವಾಗಿ ಆಗುತ್ತದೆ. ಯೋಚನೆಯೇ ಇಲ್ಲದ ಹಂತ, ಎರಡು ಮನಸ್ಸಿನ ಹಂತ, ತಯಾರಿಯ ಹಂತ, ಕೃತಿಯ ಹಂತ, ಅದನ್ನು ಉಳಿಸಿಕೊಳ್ಳುವ ಹಂತ. ನಡುವೆ ಜಾರುವುದೂ ಉಂಟು, ಮತ್ತೆ ಮೊದಲಿನಿಂದ ಹತ್ತುವುದೂ ಉಂಟು. ಯಾವ ಹಂತದಲ್ಲಿದ್ದಾರೆಂದು ನೋಡದೆ ಎಲ್ಲರಿಗೂ ಒಂದೇ ಉಪದೇಶ ಕೊಟ್ಟರೆ ಅದು ಯಾರಿಗೂ ತಾಗುವುದಿಲ್ಲ. "ಬಿಡಬೇಕೋ ಬೇಡವೋ" ಎಂದು ತೂಗುತ್ತಿರುವವನಿಗೆ "ನಾಳೆಯಿಂದಲೇ ಬಿಡು" ಎಂದರೆ ಅವನು ಬಿಡದಿರುವುದಕ್ಕೆ ಕಾರಣ ಹುಡುಕತೊಡಗುತ್ತಾನೆ.

ಕೊಠಡಿಯೊಳಗಿನ ಮಾತುಕತೆ

ಮೊದಲ ಭೇಟಿಯಲ್ಲಿ ವೈದ್ಯರು ವಿವರವಾಗಿ ಕೇಳುತ್ತಾರೆ. ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು, ಬೆಳಿಗ್ಗೆ ಎದ್ದೊಡನೆ ಬೇಕಾಗುತ್ತದೆಯೇ, ಫಿಟ್ಸ್ ಬಂದಿತ್ತೇ, ನಿದ್ದೆ ಹೇಗೆ, ಸಾಯಬೇಕು ಅನಿಸಿದ್ದುಂಟೇ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಆಡಿಟ್ ಎಂಬ ಹತ್ತು ಪ್ರಶ್ನೆಗಳ ಪಟ್ಟಿ ಇಂಥ ಕಡೆ ಬಳಕೆಯಲ್ಲಿದೆ. "ದಿನಕ್ಕೆ ಎರಡೇ ಕ್ವಾರ್ಟರ್" ಎಂದವರಿಗೆ ಲೆಕ್ಕ ಬಿಡಿಸಿ ಹೇಳಬೇಕಾಗುತ್ತದೆ. 180 ಎಂ.ಎಲ್. ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇದೆ, ಅಂದರೆ ವೈದ್ಯರ ಲೆಕ್ಕದಲ್ಲಿ ಮದ್ಯದ ಆರು ಅಳತೆ. ಎರಡು ಕ್ವಾರ್ಟರ್ ಎಂದರೆ ಹನ್ನೆರಡು.

ಇದೆಲ್ಲ ಮುಗಿದ ಮೇಲೆ ಆಪ್ತಸಮಾಲೋಚಕರ ಮಾತು ಶುರುವಾಗುತ್ತದೆ. ಅಲ್ಲಿ ನಡೆಯುವುದು ಹೊರಗಿನವರ ಊಹೆಗೆ ಸುಲಭವಾಗಿ ಸಿಗುವಂಥದಲ್ಲ. ಕೆಳಗಿನ ಮಾತುಕತೆ ಯಾರೊಬ್ಬರದೂ ಅಲ್ಲ. ಇಂಥ ಕೊಠಡಿಗಳಲ್ಲಿ ಮಾತು ಸಾಗುವ ರೀತಿಯನ್ನು ಯಾರ ಗುರುತೂ ಸಿಗದಂತೆ ಹೊಂದಿಸಿ ಬರೆದಿದ್ದೇನೆ. ಗಾರೆ ಕೆಲಸದ ಒಬ್ಬರು, ಜೊತೆಗೆ ಅವರ ಹೆಂಡತಿ.

"ಒಂದ್ಸಲ ಚೆನ್ನಾಗಿ ಬೈದು ಬುದ್ಧಿ ಹೇಳಿ ಮೇಡಂ. ನಾವು ಹೇಳಿದ್ರೆ ಇವರು ಕೇಳೋದೇ ಇಲ್ಲ."

"ಹೇಳಿ ಹೇಳಿ ನಿಮಗೂ ಸಾಕಾಗಿದೆಯಮ್ಮ. ಸ್ವಲ್ಪ ಹೊತ್ತು ಇವರ ಮಾತು ಕೇಳೋಣ್ವಾ? ನಿಮ್ಮ ಹತ್ರ ಆಮೇಲೆ ಬೇರೆಯಾಗಿ ಮಾತಾಡ್ತೀನಿ." ಆಮೇಲೆ ಅವರ ಕಡೆ ತಿರುಗಿ, "ಇವತ್ತು ಇಲ್ಲಿಗೆ ಬರಬೇಕು ಅಂತ ಯಾಕೆ ಅನ್ನಿಸ್ತು?"

"ಇವಳೇ ಕರ್ಕೊಂಡು ಬಂದ್ಲು."

"ಬರಲ್ಲ ಅನ್ನಬಹುದಿತ್ತು. ಆದ್ರೂ ಬಂದ್ರಿ."

ಸ್ವಲ್ಪ ಹೊತ್ತು ಮೌನ. "ಕೈ ನಡುಗುತ್ತೆ ಮೇಡಂ. ಕರಣೆ ಹಿಡಿಯೋಕೆ ಆಗಲ್ಲ. ಹೋದ ತಿಂಗಳು ನಾನು ಮಾಡಿದ ಗಿಲಾವು ನೋಡಿ ಮೇಸ್ತ್ರಿ ಒಡೆಸಿಬಿಟ್ರು."

"ಕೆಲಸದಲ್ಲಿ ಹೆಸರು ಮಾಡಿದೋರು ನೀವು. ಅದು ಮನಸ್ಸಿಗೆ ತುಂಬಾ ನೋವಾಯ್ತು."

"ಇಪ್ಪತ್ತು ವರ್ಷ ಮೇಡಂ. ಒಬ್ರೂ ನನ್ನ ಕೆಲಸಕ್ಕೆ ಬೆರಳು ತೋರಿಸಿರಲಿಲ್ಲ."

"ಸೊನ್ನೆಯಿಂದ ಹತ್ತರವರೆಗೆ ಒಂದು ಅಳತೆ ಇಟ್ಕೊಳ್ಳಿ. ಕುಡಿಯೋದು ಬಿಡೋದು ನಿಮಗೆ ಎಷ್ಟು ಮುಖ್ಯ?"

"ಆರು ಅನ್ನಿ."

"ಎರಡು, ಮೂರು ಅನ್ನದೆ ಆರು ಅಂದ್ರಲ್ಲ, ಯಾಕೆ?"

"ಮಗಳು ಪಿಯುಸಿ. ಅವಳು ಫ್ರೆಂಡ್ಸ್‌ನ ಮನೆಗೆ ಕರ್ಕೊಂಡು ಬರೋದೇ ನಿಲ್ಲಿಸಿದಾಳೆ."

"ಬಿಡೋಕೆ ನನ್ನ ಕೈಲಿ ಆಗುತ್ತೆ ಅನ್ನೋ ಧೈರ್ಯ ಎಷ್ಟಿದೆ?"

"ಮೂರು."

"ಸೊನ್ನೆ ಅನ್ನಲಿಲ್ಲ ನೀವು."

"ಮಾಲೆ ಹಾಕಿದಾಗ ನಲವತ್ತೊಂದು ದಿನ ಮುಟ್ಟಲ್ಲ ಮೇಡಂ. ನಾಲ್ಕು ಸಲ ಶಬರಿಮಲೆಗೆ ಹೋಗಿ ಬಂದಿದೀನಿ."

"ನಲವತ್ತೊಂದು ದಿನ! ಅದು ಹೇಗೆ ಸಾಧ್ಯವಾಯ್ತು, ಸ್ವಲ್ಪ ಹೇಳಿ."

ಇಲ್ಲಿಂದ ಮುಂದೆ ಮಾತಾಡುವವರು ಅವರೇ. ಬೆಳಗಿನ ತಣ್ಣೀರ ಸ್ನಾನ, ಸಂಜೆಯ ಭಜನೆ, ಜೊತೆಗಿದ್ದ ಸ್ವಾಮಿಗಳು, ಕುಡಿಯುವ ಗೆಳೆಯರು ಆ ದಿನಗಳಲ್ಲಿ ತಾವಾಗಿಯೇ ದೂರ ನಿಂತದ್ದು, ಮನೆಯಲ್ಲಿ ಎಲ್ಲರೂ "ಸ್ವಾಮಿ" ಎಂದು ಕರೆದದ್ದು. ಕುಡಿಯದೆ ಇರುವುದಕ್ಕೆ ಏನೇನು ಬೇಕು ಎನ್ನುವ ಪಟ್ಟಿಯನ್ನು ಅವರೇ ಬರೆಸಿದಂತಾಯಿತು. ಸಮಾಲೋಚಕರು ಕೇಳುತ್ತಾ ಹೋದರು, ನಡುವೆ ಅವರ ಮಾತನ್ನೇ ಕೂಡಿಸಿ ಅವರಿಗೆ ವಾಪಸು ಹೇಳಿದರು.

ಆ ಪ್ರಶ್ನೆಯ ದಿಕ್ಕನ್ನು ಗಮನಿಸಬೇಕು. "ಆರೇ ಯಾಕೆ, ಹತ್ತು ಯಾಕಿಲ್ಲ?" ಎಂದು ಕೇಳಿದ್ದರೆ ಅವರು ಕುಡಿತದ ಪರವಾಗಿ ವಾದಿಸುತ್ತಿದ್ದರು. ಮೈಕೈ ನೋವು, ನಿದ್ದೆ ಬರಲ್ಲ, ಜೊತೆಯವರು ಬಿಡಲ್ಲ ಎನ್ನುತ್ತಿದ್ದರು. "ಎರಡು ಯಾಕಲ್ಲ?" ಎಂದು ಕೇಳಿದ್ದರಿಂದ ಬಿಡುವುದರ ಪರವಾಗಿ ಮಾತು ಬಂತು. ಮನುಷ್ಯ ಬೇರೆಯವರ ಬಾಯಿಂದ ಕೇಳಿದ ಕಾರಣಕ್ಕಿಂತ ತನ್ನ ಬಾಯಿಂದ ಬಂದ ಕಾರಣವನ್ನೇ ಹೆಚ್ಚು ನಂಬುತ್ತಾನೆ. ಈ ಕೇಂದ್ರದಲ್ಲಿ ನಾನು ಕಂಡ ಚಿಕಿತ್ಸೆಯ ತಿರುಳೆಲ್ಲ ಇಷ್ಟೇ.

ನಾರ್ವೆಯಲ್ಲಿ ಹುಟ್ಟಿದ ವಿಧಾನ

ಈ ರೀತಿಯ ಮಾತಿಗೆ ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ ಎಂದು ಹೆಸರು. ಇದನ್ನು ರೂಪಿಸಿದವರು ಅಮೆರಿಕದ ವಿಲಿಯಂ ಮಿಲ್ಲರ್. 1982ರಲ್ಲಿ ನಾರ್ವೆಯ ಬರ್ಗೆನ್‌ ಬಳಿಯ ಮದ್ಯವ್ಯಸನಿಗಳ ಚಿಕಿತ್ಸಾಲಯವೊಂದರಲ್ಲಿ ಅವರು ಕೆಲವು ಕಾಲ ಇದ್ದರು. ಅಲ್ಲಿನ ಯುವ ಮನೋವಿಜ್ಞಾನಿಗಳು ಅವರಿಂದ ಮಾದರಿ ಸಂದರ್ಶನ ಮಾಡಿಸುತ್ತ, ನಡುನಡುವೆ ತಡೆದು, "ಈ ಪ್ರಶ್ನೆಯನ್ನೇ ಯಾಕೆ ಕೇಳಿದಿರಿ? ಈಗ ಏನು ಯೋಚಿಸುತ್ತಿದ್ದೀರಿ?" ಎಂದು ಕೇಳುತ್ತಿದ್ದರು. ಉತ್ತರ ಕೊಡುತ್ತ ಹೋದ ಮಿಲ್ಲರ್‌ಗೆ ತಮಗೇ ಗೊತ್ತಿಲ್ಲದೆ ತಾವು ಪಾಲಿಸುತ್ತಿದ್ದ ಕ್ರಮ ಸ್ಪಷ್ಟವಾಯಿತು. 1983ರಲ್ಲಿ ಆ ಬಗ್ಗೆ ಲೇಖನ ಬರೆದರು. 1991ರಲ್ಲಿ ಸ್ಟೀಫನ್ ರೋಲ್‌ನಿಕ್ ಜೊತೆಗೂಡಿ ಪುಸ್ತಕ ತಂದರು.

ಅದಕ್ಕೆ ಮೊದಲು ಅಮೆರಿಕದ ಅನೇಕ ಕೇಂದ್ರಗಳಲ್ಲಿ ವ್ಯಸನಿಯನ್ನು ನಡುವೆ ಕೂರಿಸಿಕೊಂಡು, ಛೀಮಾರಿ ಹಾಕಿ, "ಒಪ್ಪಿಕೋ" ಎಂದು ಮುರಿಯುವುದೇ ಚಿಕಿತ್ಸೆ ಎನಿಸಿಕೊಂಡಿತ್ತು. ಮಿಲ್ಲರ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನ ಅದಕ್ಕೆ ಉತ್ತರ ಕೊಟ್ಟಿತು. ಸಮಾಲೋಚಕ ಎದುರಿನವರ ಜೊತೆ ಎಷ್ಟೆಷ್ಟು ಜಟಾಪಟಿಗೆ ಇಳಿದನೋ, ವರ್ಷದ ನಂತರ ಅವರ ಕುಡಿತ ಅಷ್ಟಷ್ಟು ಹೆಚ್ಚಾಗಿತ್ತು.

ನಮ್ಮೂರಿನ ರೂಢಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಪಂಚಾಯಿತಿ ಕಟ್ಟೆಯ ಮೇಲೆ ನಿಲ್ಲಿಸಿ ಮಾನ ತೆಗೆಯುತ್ತೇವೆ. ಮಕ್ಕಳ ತಲೆ ಮುಟ್ಟಿಸಿ ಆಣೆ ಹಾಕಿಸುತ್ತೇವೆ. ಆಣೆ ಮುರಿದ ರಾತ್ರಿ ಅವನಿಗೆ ಕುಡಿತದ ಜೊತೆಗೆ ಮಗುವಿನ ಮೇಲಿನ ಆಣೆ ಮುರಿದ ಭಯವೂ ಸೇರಿಕೊಳ್ಳುತ್ತದೆ. ಆ ಭಯವನ್ನು ಮರೆಯಲು ಮತ್ತೆ ಕುಡಿಯುತ್ತಾನೆ. ಅವಮಾನ ಯಾರನ್ನೂ ಚಟದಿಂದ ಬಿಡಿಸುವುದಿಲ್ಲ. ಅದು ಕದ್ದು ಕುಡಿಯುವುದನ್ನು ಕಲಿಸುತ್ತದೆ.

ವಾರ್ಡಿನ ಮೊದಲ ದಿನಗಳು

ಮನಸ್ಸು ಒಪ್ಪಿದ ಮಾತ್ರಕ್ಕೆ ದೇಹ ಒಪ್ಪುವುದಿಲ್ಲ. ದಿನವೂ ಕುಡಿಯುತ್ತಿದ್ದವರು ಏಕಾಏಕಿ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ವಾಕರಿಕೆ ಶುರುವಾಗುತ್ತವೆ. ಮೊದಲೆರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡನೆಯ, ಮೂರನೆಯ ದಿನದ ಹೊತ್ತಿಗೆ ಕೆಲವರು ಇಲ್ಲದ್ದನ್ನು ಕಾಣತೊಡಗುತ್ತಾರೆ. ಗೋಡೆಯ ಮೇಲೆ ಹುಳ ಹರಿಯುತ್ತಿದೆ ಎನ್ನುತ್ತಾರೆ, ಇರುವ ಜಾಗ ಗೊತ್ತಾಗದೆ ಎದ್ದು ಓಡುತ್ತಾರೆ. ಡೆಲಿರಿಯಂ ಟ್ರೆಮೆನ್ಸ್ ಎಂಬ ಈ ಸ್ಥಿತಿ ಪ್ರಾಣಕ್ಕೇ ಅಪಾಯ. ಮನೆಯವರು ದೆವ್ವ ಮೆಟ್ಟಿತೆಂದು ತಾಯತ ಕಟ್ಟಿಸಲು ಓಡುವುದು, ಕೋಣೆಯಲ್ಲಿ ಕೂಡಿಹಾಕಿ ಬೀಗ ಜಡಿಯುವುದು ಇದೇ ಹೊತ್ತಿನಲ್ಲಿ. ಮಾಲೆ ಹಾಕಿದ ಮೊದಲ ವಾರದಲ್ಲಿ ಫಿಟ್ಸ್ ಬಂದು ಬಿದ್ದವರ ಕಥೆಗಳ ಹಿಂದೆ ಇರುವುದೂ ಇದೇ ಕಾರಣ.

ವಾರ್ಡಿನಲ್ಲಿ ಈ ದಿನಗಳನ್ನು ಮಾತ್ರೆಗಳ ನೆರವಿನಿಂದ ದಾಟಿಸುತ್ತಾರೆ. ನಡುಕ ತಡೆಯುವ ಮಾತ್ರೆಯನ್ನು ಮೊದಲು ಸಾಕಷ್ಟು ಕೊಟ್ಟು ದಿನದಿನಕ್ಕೆ ಇಳಿಸುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ಜೀವಸತ್ವದ ಇಂಜೆಕ್ಷನ್. ಊಟ ಬಿಟ್ಟು ಕುಡಿದ ದೇಹದಲ್ಲಿ ಅದು ಬರಿದಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಬಾಟಲಿ ಏರಿಸಿದರೆ ಮಿದುಳಿಗೆ ಪೆಟ್ಟು ಬೀಳುವ ಅಪಾಯವಿದೆ. "ಸುಸ್ತಾಗಿದ್ದಾರೆ, ಒಂದು ಗ್ಲೂಕೋಸ್ ಹಾಕಿಸಿ" ಎನ್ನುವ ನಮ್ಮ ಊರುಗಳ ರೂಢಿ ನೆನೆದರೆ, ಮನೆಯವರೆಲ್ಲ ಇದನ್ನು ತಿಳಿದಿರಬೇಕು ಅನಿಸುತ್ತದೆ.

ನಾಲ್ಕೈದು ದಿನಕ್ಕೆ ಲೋಟ ಹಿಡಿದ ಕೈ ಸ್ಥಿರವಾಗುತ್ತದೆ. ಊಟ ರುಚಿಸುತ್ತದೆ. ಅಲ್ಲಿಗೆ ಚಿಕಿತ್ಸೆ ಮುಗಿಯಿತೆಂದು ಮನೆಯವರು ಭಾವಿಸುತ್ತಾರೆ. ನಿಜವಾದ ಕೆಲಸ ಶುರುವಾಗುವುದು ಆಗಲೇ. ಬಯಕೆ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳಿವೆ. ಯಾವುದು ಯಾರಿಗೆ ಎನ್ನುವುದನ್ನು ಪಿತ್ತಜನಕಾಂಗದ, ಮೂತ್ರಪಿಂಡದ ಸ್ಥಿತಿ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಸಂಜೆಯ ಹೊತ್ತನ್ನು ಹೇಗೆ ಕಳೆಯುವುದು, ಸಂಬಳದ ದಿನ ಯಾವ ದಾರಿಯಲ್ಲಿ ಮನೆಗೆ ಹೋಗುವುದು, ಮದುವೆ ಮನೆಯಲ್ಲಿ "ಒಂದೇ ಒಂದು ಪೆಗ್" ಎಂದವರಿಗೆ ಏನು ಹೇಳುವುದು, ಇಂಥವನ್ನೆಲ್ಲ ಮಾತಾಡಿ, ಅಭಿನಯಿಸಿ ರೂಢಿ ಮಾಡಿಕೊಳ್ಳುತ್ತಾರೆ.

ಎರಡು ಕಾಯಿಲೆ, ಮನುಷ್ಯ ಒಬ್ಬನೇ

ಈ ಕೇಂದ್ರ ಮನೋವೈದ್ಯ ಸಂಸ್ಥೆಯೊಂದರ ಒಳಗೇ ಇರುವುದರಿಂದ ಒಂದು ದೊಡ್ಡ ಅನುಕೂಲವಿದೆ. ಕುಡಿತದ ಹಿಂದೆ ಖಿನ್ನತೆ, ಆತಂಕ, ಬೈಪೋಲಾರ್ ಕಾಯಿಲೆ ಇರಬಹುದು. ಸ್ಕಿಜೋಫ್ರೇನಿಯಾ ಇರುವ ಹುಡುಗ ಗಾಂಜಾ ಸೇದುತ್ತಿರಬಹುದು. "ಮೊದಲು ಚಟ ಬಿಟ್ಟು ಬಾ, ಆಮೇಲೆ ಮನಸ್ಸಿನ ಕಾಯಿಲೆ ನೋಡೋಣ" ಎಂದು ಒಬ್ಬರು, "ಮೊದಲು ಮನಸ್ಸು ಸರಿಮಾಡಿಸಿಕೊಂಡು ಬಾ" ಎಂದು ಇನ್ನೊಬ್ಬರು ಹೇಳಿದರೆ ರೋಗಿ ಎರಡು ಬಾಗಿಲಿನ ನಡುವೆ ಕಳೆದುಹೋಗುತ್ತಾನೆ. ಎರಡನ್ನೂ ಒಟ್ಟಿಗೆ, ಒಂದೇ ತಂಡ ನೋಡಬೇಕು. ಕುಡಿತದಿಂದಲೇ ಬಂದ ಬೇಸರ ಕುಡಿತ ನಿಂತ ಕೆಲವು ವಾರಗಳಲ್ಲಿ ಬಹುಮಟ್ಟಿಗೆ ಇಳಿಯುತ್ತದೆ. ಇಳಿಯದೆ ಉಳಿದರೆ ಅದಕ್ಕೆ ಬೇರೆ ಚಿಕಿತ್ಸೆ ಬೇಕು.

"ನನಗೆ ಕಾಯಿಲೆಯೇ ಇಲ್ಲ" ಎನ್ನುವವರನ್ನು ಒಪ್ಪಿಸುವುದು ಇನ್ನೂ ಕಷ್ಟ. ತೀವ್ರ ಮನೋರೋಗದಲ್ಲಿ ಹಾಗೆನ್ನುವುದು ಹಟವಲ್ಲ, ಅದೂ ಕಾಯಿಲೆಯ ಒಂದು ಲಕ್ಷಣ. ಅಮೆರಿಕದ ಮನೋವಿಜ್ಞಾನಿ ಜೇವಿಯರ್ ಅಮಡಾರ್ ಅವರ ಅಣ್ಣನಿಗೇ ಸ್ಕಿಜೋಫ್ರೇನಿಯಾ ಇತ್ತು. ಅಣ್ಣನ ಜೊತೆ ವರ್ಷಗಟ್ಟಲೆ ವಾದ ಮಾಡಿ ಸೋತ ಮೇಲೆ ಅವರು ಬೇರೆ ದಾರಿ ಹಿಡಿದರು. ಕೇಳು, ನೋವನ್ನು ಅರಿತುಕೋ, ಒಪ್ಪುವ ಅಂಶ ಹುಡುಕು, ಜೊತೆಯಾಗು. ಕಾಯಿಲೆ ಇದೆಯೆಂದು ಒಪ್ಪದ ಹುಡುಗನೂ "ರಾತ್ರಿ ನಿದ್ದೆ ಬರಲ್ಲ" ಎನ್ನುವುದನ್ನು ಒಪ್ಪುತ್ತಾನೆ. "ಕೆಲಸಕ್ಕೆ ಹೋಗಬೇಕು" ಎನ್ನುವುದನ್ನೂ ಒಪ್ಪುತ್ತಾನೆ. ಅಲ್ಲಿಂದ ಮಾತು ಮುಂದುವರಿಯಬೇಕು. ಮಾತ್ರೆ ನಿದ್ದೆಗೆಂದು ಒಳಗೆ ಹೋದರೂ ಕಾಯಿಲೆ ಇಳಿಯುತ್ತದೆ, ನಂಬಿಕೆ ಉಳಿಯುತ್ತದೆ.

ಬೀಡಿ-ಸಿಗರೇಟಿನ ಬಗ್ಗೆಯೂ ಒಂದು ಮಾತು. ಮನೋರೋಗ ಇರುವವರಲ್ಲಿ ಹೊಗೆ ಸೇದುವವರು ಹೆಚ್ಚು. "ಪಾಪ, ಅದೊಂದಾದರೂ ಇರಲಿ" ಎಂದು ಮನೆಯವರು ಬಿಡುತ್ತಾರೆ. ಅದರ ಬೆಲೆ ಏನೆಂದು ಪಕ್ಕದ ಕಿದ್ವಾಯಿ ಆಸ್ಪತ್ರೆಯ ಸಾಲು ಹೇಳುತ್ತದೆ. ಆದರೆ ಕ್ಲೋಜಪಿನ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಸಿಗರೇಟು ಬಿಟ್ಟರೆ ರಕ್ತದಲ್ಲಿ ಆ ಔಷಧಿಯ ಪ್ರಮಾಣ ಏರುತ್ತದೆ. ಬಿಡುವ ಮೊದಲೇ ವೈದ್ಯರಿಗೆ ತಿಳಿಸಬೇಕು.

ಮನೆಯವರ ಸರದಿ

ರೋಗಿಯ ಜೊತೆ ಮನೆಯವರೊಬ್ಬರು ಉಳಿಯುವುದು ನಿಮ್ಹಾನ್ಸ್‌ನಲ್ಲಿ ಹಿಂದಿನಿಂದ ಬಂದ ಪದ್ಧತಿ. ಮೊದಲಿಗೆ ಅದು ಹೊರೆ ಅನಿಸಬಹುದು. ಒಳಗೆ ನೋಡಿದರೆ ಅರ್ಧ ಚಿಕಿತ್ಸೆ ನಡೆಯುವುದೇ ಅವರ ಜೊತೆ. ಹೆಂಡತಿಯನ್ನು ಬೇರೆಯಾಗಿ ಕೂರಿಸಿ ಅವರ ನಿದ್ದೆ, ಊಟ, ಭಯಗಳನ್ನು ಕೇಳುತ್ತಾರೆ. ಹೊಡೆತ ಬಿದ್ದಿದೆಯೇ ಎಂದು ಕೇಳುತ್ತಾರೆ. ಎಷ್ಟೋ ವರ್ಷಗಳಿಂದ ಅವರನ್ನು ಯಾರೂ ಅದನ್ನು ಕೇಳಿರುವುದಿಲ್ಲ.

ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ರಾಬರ್ಟ್ ಮೇಯರ್ಸ್ ಮತ್ತು ಸಂಗಡಿಗರು ಇಂಥ ಮನೆಯವರಿಗಾಗಿಯೇ ಕ್ರಾಫ್ಟ್ ಎಂಬ ತರಬೇತಿ ರೂಪಿಸಿದರು. 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ತರಬೇತಿ ಪಡೆದ ಕುಟುಂಬಗಳಲ್ಲಿ ಚಿಕಿತ್ಸೆಗೆ ಒಲ್ಲೆನೆನ್ನುತ್ತಿದ್ದ ವ್ಯಸನಿಗಳ ಪೈಕಿ ನೂರಕ್ಕೆ 64 ಮಂದಿ ಚಿಕಿತ್ಸೆಗೆ ಬಂದರು. ಎಲ್ಲರೂ ಸೇರಿ ಸುತ್ತುವರಿದು ಗಟ್ಟಿಸಿ ಕೇಳುವ ವಿಧಾನದಲ್ಲಿ ಬಂದವರು 30 ಮಂದಿ. ಕ್ರಾಫ್ಟ್ ಕಲಿಸುವ ಪಾಠ ಸರಳ. ಕುಡಿದಿರುವಾಗ ವಾದ ಬೇಡ. ಕುಡಿಯದ ಸಂಜೆ ಹಿತವಾಗಿರಲಿ, ಮೆಚ್ಚಿನ ಅಡುಗೆ, ಒಂದಿಷ್ಟು ಮಾತು ಇರಲಿ. ಕುಡಿದ ರಾತ್ರಿಯ ಪರಿಣಾಮವನ್ನು ನೀವು ಮುಚ್ಚಿಡಬೇಡಿ, ಅವರ ಪರವಾಗಿ ಕೆಲಸದ ಜಾಗಕ್ಕೆ ಸುಳ್ಳು ಹೇಳಬೇಡಿ. "ನೀವು ಹಾಳಾದಿರಿ" ಎನ್ನುವ ಬದಲು "ನನಗೆ ಭಯವಾಗುತ್ತೆ" ಎನ್ನಿ. ಹೊಡೆತವನ್ನು ಸಹಿಸುವುದು ಇದರ ಭಾಗವಲ್ಲ. ಹಾಗಾದಾಗ ಮೊದಲು ನೀವೂ ಮಕ್ಕಳೂ ಸುರಕ್ಷಿತ ಜಾಗ ಸೇರಬೇಕು. ಮಹಿಳಾ ಸಹಾಯವಾಣಿ 181 ಇರುವುದು ಅದಕ್ಕೇ.

ಬಸ್‌ ನಿಲ್ದಾಣದ ಗೋಡೆಗಳ ಮೇಲೆ, ಕರೆಂಟ್ ಕಂಬಗಳ ಮೇಲೆ ನಾವೆಲ್ಲ ನೋಡಿರುವ ಒಂದು ಜಾಹೀರಾತಿದೆ: ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸುತ್ತೇವೆ. ಬಸವಳಿದ ತಾಯಂದಿರು ಅದನ್ನು ನಂಬಿ ಪುಡಿ ತಂದು ಸಾರಿಗೆ ಬೆರೆಸುತ್ತಾರೆ. ಹೀಗೆ ಕದ್ದು ಕೊಡುವ ಔಷಧಿಗಳಲ್ಲಿ ಡೈಸಲ್ಫಿರಾಮ್ ಒಂದು. ಅದು ಮೈಯಲ್ಲಿರುವಾಗ ಮದ್ಯ ಸೇರಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಡವಗುಟ್ಟಿ, ರಕ್ತದೊತ್ತಡ ಕುಸಿಯುತ್ತದೆ, ಪ್ರಾಣವೂ ಹೋಗಬಹುದು. ತಿಳಿದು, ಒಪ್ಪಿ, ವೈದ್ಯರ ಕಣ್ಗಾವಲಿನಲ್ಲಿ ತೆಗೆದುಕೊಂಡವರಿಗೆ ಅದೇ ಮಾತ್ರೆ ಆಸರೆಯಾಗಿದೆ. ಕದ್ದು ಕೊಟ್ಟರೆ ಅದು ವಿಷ. ಮನೆಯ ಊಟದ ಮೇಲಿನ ನಂಬಿಕೆಯೂ ಅಲ್ಲಿಗೆ ಮುಗಿಯಿತು.

ಗುಂಪು, ಕೆಲಸ, ಮರುಕಳಿಕೆ

ಗುಂಪು ಮಾತುಕತೆಯಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಿರುತ್ತಾರೆ. ಬ್ಯಾಂಕಿನವರು, ಕೂಲಿಯವರು, ಕಾಲೇಜು ಹುಡುಗರು ಒಟ್ಟಿಗೆ ಕೂರುತ್ತಾರೆ. ಒಬ್ಬರು ತಾವು ಜಾರಿದ ದಿನವನ್ನು ಬಿಡಿಸಿ ಹೇಳಿದರು: ಮಧ್ಯಾಹ್ನ ಊಟ ಮಾಡಿರಲಿಲ್ಲ, ತಮ್ಮನ ಜೊತೆ ಜಮೀನಿನ ವಿಷಯಕ್ಕೆ ಮಾತು ಬೆಳೆದಿತ್ತು, ಜೇಬಿನಲ್ಲಿ ದುಡ್ಡಿತ್ತು. ಯಾರೂ "ಛೆ" ಎನ್ನಲಿಲ್ಲ. "ಆ ದಿನ ಎಲ್ಲಿ ನಿಂತಿದ್ದರೆ ತಪ್ಪಿಸಿಕೊಳ್ಳಬಹುದಿತ್ತು?" ಎಂದು ಪಕ್ಕದವರು ಕೇಳಿದರು. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಕಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಇಂದು ಬೆಂಗಳೂರಿನಲ್ಲೂ ಸಭೆ ಸೇರುತ್ತದೆ. ಶುಲ್ಕವಿಲ್ಲ, ಹೆಸರು ಹೇಳಲೇಬೇಕೆಂದಿಲ್ಲ. ಬಿಡಬೇಕೆಂಬ ಆಸೆ ಇದ್ದರೆ ಸಾಕು.

ಸಂಸ್ಥೆಯ ಪುನರ್ವಸತಿ ವಿಭಾಗದಲ್ಲಿ ಬೇಕರಿ, ಮರಗೆಲಸ, ಹೊಲಿಗೆಯಂಥ ಕೆಲಸಗಳ ತರಬೇತಿ ನಡೆಯುತ್ತದೆ. ಮನೋರೋಗದಿಂದ ಚೇತರಿಸಿಕೊಳ್ಳುತ್ತಿರುವವರು ಅಲ್ಲಿ ಹಿಟ್ಟು ನಾದುತ್ತಾರೆ, ಅಳತೆ ಹಿಡಿಯುತ್ತಾರೆ, ಲೆಕ್ಕ ಬರೆಯುತ್ತಾರೆ. ಹಾಸಿಗೆ ಬಿಟ್ಟು ಏಳುವುದಕ್ಕೆ ಮನುಷ್ಯನಿಗೆ ಒಂದು ಕಾರಣ ಬೇಕು. ಎಂಟು ಗಂಟೆಗೆ ನಿಮಗಾಗಿ ಕಾಯುವ ಕೆಲಸಕ್ಕಿಂತ ಒಳ್ಳೆಯ ಕಾರಣ ಇಲ್ಲ.

ಬಿಟ್ಟ ನಂತರದ ಮೊದಲ ಕೆಲವು ತಿಂಗಳು ಕಷ್ಟದವು. ಹಲವರು ಮತ್ತೆ ಕುಡಿಯುತ್ತಾರೆ. ಅದನ್ನು ಇಲ್ಲಿ ಸೋಲೆಂದು ಬರೆದುಕೊಳ್ಳುವುದಿಲ್ಲ, ಮರುಕಳಿಕೆ ಎಂದು ಬರೆದುಕೊಳ್ಳುತ್ತಾರೆ. ಸಕ್ಕರೆ ಕಾಯಿಲೆಯವರ ಸಕ್ಕರೆ ಮತ್ತೆ ಏರಿದರೆ ವೈದ್ಯರು ಹೊರಗೆ ಹಾಕುವುದಿಲ್ಲವಲ್ಲ, ಹಾಗೆಯೇ. ಹಬ್ಬದಲ್ಲಿ ಕುಡಿದು ತಲೆ ತಗ್ಗಿಸಿ ಬಂದವರಿಗೂ ಇಲ್ಲಿ ಕುರ್ಚಿ ಸಿಗುತ್ತದೆ. "ಎಂಟು ತಿಂಗಳು ಹೇಗೆ ನಿಭಾಯಿಸಿದ್ರಿ?" ಎಂಬ ಪ್ರಶ್ನೆಯಿಂದಲೇ ಮಾತು ಶುರುವಾಗುತ್ತದೆ.

ಬೆಂಗಳೂರಿಗೆ ಬರಲಾಗದವರು

ಎಲ್ಲರೂ ಹೊಸೂರು ರಸ್ತೆಗೆ ಬರಬೇಕಿಲ್ಲ, ಬರಲೂ ಆಗದು. ಜಿಲ್ಲಾ ಮಟ್ಟದಲ್ಲೇ ಮಾನಸಿಕ ಚಿಕಿತ್ಸೆ ಕೊಡಬಹುದೆಂದು ದೇಶಕ್ಕೆ ತೋರಿಸಿಕೊಟ್ಟದ್ದೇ ನಮ್ಮ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ಮಾಡಿದ ಪ್ರಯೋಗವನ್ನು ಮಾದರಿಯಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ಕರ್ನಾಟಕದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುವ ಏರ್ಪಾಡಿದೆ. ನಿಮ್ಮ ತಾಲ್ಲೂಕಿನ ಸರದಿ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯರನ್ನು ಕೇಳಬಹುದು. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಹಳ್ಳಿಗಳಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಮೂರು ದಶಕಗಳಿಂದ ನಡೆದಿವೆ. ಶಿಬಿರದ ನಂತರ ನವಜೀವನ ಸಮಿತಿಯಾಗಿ ಒಟ್ಟಿಗೆ ಸೇರುವುದು ಅವುಗಳ ಬಲ. ಕೈನಡುಕ, ಫಿಟ್ಸ್ ಇರುವವರು ಮಾತ್ರ ಯಾವುದೇ ಶಿಬಿರಕ್ಕೆ ಹೋಗುವ ಮುನ್ನ ವೈದ್ಯರನ್ನು ಕಾಣಬೇಕು.

ಇಷ್ಟು ವೈದ್ಯರು ಎಲ್ಲಿಂದ ಬರಬೇಕು ಎನ್ನುವವರಿಗೆ ಪಕ್ಕದ ಗೋವಾ ಉತ್ತರ ಕೊಟ್ಟಿದೆ. ಅಲ್ಲಿನ ಸಂಗಾತ್ ಸಂಸ್ಥೆ, ವೈದ್ಯರಲ್ಲದ ಸಾಮಾನ್ಯರಿಗೆ ಇದೇ ಮಾತಿನ ವಿಧಾನವನ್ನು ಕಲಿಸಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೂರಿಸಿತು. ಹೆಚ್ಚೆಂದರೆ ನಾಲ್ಕು ಭೇಟಿ. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶದಂತೆ, ಮೂರು ತಿಂಗಳ ನಂತರ ಈ ಸಮಾಲೋಚನೆ ಸಿಕ್ಕ ನೂರರಲ್ಲಿ 36 ಮಂದಿಯ ಕುಡಿತ ಅಪಾಯದ ಮಟ್ಟದಿಂದ ಕೆಳಗಿಳಿದಿತ್ತು. ಸಿಗದವರಲ್ಲಿ ಅದು 26.

ರಾಜ್ಯ ಸರ್ಕಾರ 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ 40 ಸಾವಿರ ಕೋಟಿ ರೂಪಾಯಿಯ ಗುರಿ ಇಟ್ಟುಕೊಂಡಿತ್ತು. ಅಬಕಾರಿ ಹಣದ ಒಂದು ಸಣ್ಣ ಪಾಲಿನಲ್ಲಿ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಹೀಗೆ ತರಬೇತಾದ ಒಬ್ಬರನ್ನು ಕೊಡಬೇಕು. ಇದು ಉಪಕಾರವಲ್ಲ, ಮದ್ಯ ಮಾರುವ ಸರ್ಕಾರದ ಹೊಣೆ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇಂಥವರಿದ್ದರೆ ಇನ್ನೊಂದು ಆಣೆ ಹಾಕಿಸಬೇಡಿ, ಸಾರಿಗೆ ಪುಡಿ ಬೆರೆಸಬೇಡಿ, ಕೋಣೆಯಲ್ಲಿ ಕೂಡಿಹಾಕಬೇಡಿ. ಅವರು ಕುಡಿಯದೆ ಕೂತ ಹೊತ್ತು ನೋಡಿ ಪಕ್ಕದಲ್ಲಿ ಕೂತು, "ನಿಮಗೆ ಏನು ಆಗಬೇಕು ಅನಿಸುತ್ತೆ?" ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ. ಆಸ್ಪತ್ರೆಗೆ ಹೋಗಲು ಒಪ್ಪಿದರೆ ಜೊತೆಯಲ್ಲಿ ಹೋಗಿ. ಒಪ್ಪದಿದ್ದರೆ ನೀವೇ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ದಿನದ ಇಪ್ಪತ್ತನಾಲ್ಕು ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.